ಜಪದಜ್ಜಿಯ ಚಿನ್ನದ ಹಣೆ

ಗ್ವರುಮೋಸ್ ಊರಿಗೆ ಒಂದು ಹಕ್ಕಿ ಬೇಕಾಗಿತ್ತು. ಕೆಳಗಿನ ಊರಿಗೆ ಒಂದು ಇತ್ತಲ್ಲ, ಅದಕ್ಕೆ.

ಎಕ್ವಡಾರ್‌ನ ರಾಜಧಾನಿ ಕೀತೊದಿಂದ ಮಂಜಿನ ಕಾಡಿನೊಳಗೆ ಇಳಿದು ಬರುವ ಆ ರಸ್ತೆಯ ಉದ್ದಕ್ಕೂ ಒಂದೊಂದು ಊರೂ ಠರಾವು ಮಾಡಿ ತನ್ನದೇ ಲಾಂಛನದ ಹಕ್ಕಿಯನ್ನು ಆರಿಸಿಕೊಂಡು, ಊರ ಮುಂದಿನ ವೃತ್ತದಲ್ಲಿ ಅದರ ಪ್ರತಿಮೆ ನಿಲ್ಲಿಸಿಕೊಂಡಿತ್ತು. ಕೆಳಗಿನವರು ದೊಡ್ಡ ಕೊಕ್ಕಿನ ಟೂಕಾನ್ ಹಿಡಿದುಕೊಂಡಿದ್ದರು. ಅವರಿಗಿಂತ ಕೆಳಗಿನವರು ಗಿಳಿ. ಗ್ವರುಮೋಸ್‌ನವರು ಮೀಟಿಂಗ್ ಸೇರಿ, ಜಗಳವಾಡಿ, ಮತ್ತೆ ಮೀಟಿಂಗ್ ಸೇರುವಷ್ಟರಲ್ಲಿ ಚೆನ್ನಾಗಿ ಕಾಣುವ ಹಕ್ಕಿಗಳೆಲ್ಲ ಖಾಲಿಯಾಗಿದ್ದವು. “ನಮ್ಮ ಪಾಲಿಗೆ ಉಳಿದಿರೋದು ರಣಹದ್ದು. ಅದೂ ಬೇಡಾಂದ್ರೆ ನಮ್ಮತ್ತೆ ಮನೆ ಕೋಳಿ,” ಎಂದು ಪಿಕಪ್ ಓಡಿಸುವ ಉಲ್ಬಿಯೊ ಹತ್ತಿದವರಿಗೆಲ್ಲ ಹೇಳುತ್ತಿದ್ದ.

ಈ ಮಾತು ಹೆಚ್ಚು ಚುಚ್ಚಿದ್ದು ದೋನ್ ಒಲ್ಮೇದೊಗೆ. ಅವರು ಊರಿನ ಪಂಚಾಯಿತಿಯಾದ ಜುಂತಾದ ಅಧ್ಯಕ್ಷರು. ಅದೂ ಅಲ್ಲದೆ ಕಿಂದೆ ತೋಟದ ಯಜಮಾನರು. ಹಮ್ಮಿಂಗ್‌ಬರ್ಡ್‌ಗೆ ಅಲ್ಲಿ ಕಿಂದೆ ಎನ್ನುತ್ತಾರೆ. ಮನೆಯ ಹಿಂದೆ, ಕಾಡು ಶುರುವಾಗುವಲ್ಲಿ, ಸಕ್ಕರೆ ನೀರು ತುಂಬಿದ ಹದಿನಾಲ್ಕು ಬಾಟಲಿಗಳನ್ನು ತೂಗುಹಾಕಿ ಎದುರಿಗೆ ಬೆಂಚು ಹಾಕಿಸಿದ್ದರು. ಬಾಟಲಿ ನೋಡಿ ಕಿಂದೆಗಳು ಬರುತ್ತಿದ್ದವು, ಕಿಂದೆ ನೋಡಲು ಪ್ರವಾಸಿಗಳು ಬರುತ್ತಿದ್ದರು, ಪ್ರವಾಸಿಗಳನ್ನು ನೋಡಿ ದೋನ್ ಒಲ್ಮೇದೊ ಟಿಕೆಟ್ ಪುಸ್ತಕ ಹಿಡಿದು ಬರುತ್ತಿದ್ದರು.

ಬಾಟಲಿ ತೊಳೆಯುವವಳು ಎಲ್ವಿಯಾ.

ಅವಳಿಗೆ ಇಪ್ಪತ್ತೊಂದು. ಹನ್ನೆರಡಕ್ಕೇ ಶಾಲೆ ಬಿಟ್ಟವಳು. ಬಿಟ್ಟದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಒಂದು ಮಳೆಗಾಲದಲ್ಲಿ ಸೇತುವೆ ಕೊಚ್ಚಿಹೋಯಿತು, ಹೊಸ ಸೇತುವೆ ಬರುವಷ್ಟರಲ್ಲಿ ಅವಳಿಗೆ ಅಜ್ಜಿಯ ಜೊತೆ ಎಲೆ ಕೊಯ್ಯುವುದು ಅಭ್ಯಾಸವಾಗಿತ್ತು. ನಾಲ್ಕು ಜನರ ಮುಂದೆ ಮಾತಾಡಬೇಕಾಗಿ ಬಂದರೆ ಅವಳ ದನಿ ಗಂಟಲಿನ ಮೇಲಕ್ಕೆ ಬರುತ್ತಿರಲಿಲ್ಲ. ಬೆಳಿಗ್ಗೆ ಬಿಸಿನೀರಿನಲ್ಲಿ ಬಾಟಲಿಗಳನ್ನು ತಿಕ್ಕಿ, ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು ಬೆರೆಸಿ ತುಂಬಿಸಿ, ತೂಗುಹಾಕಿ, ಮೂಲೆಯಲ್ಲಿ ನಿಂತು ನೋಡುತ್ತಿದ್ದಳು. ಒಂಬತ್ತು ವರ್ಷ ನೋಡಿದ್ದಳು. ಯಾವ ಕಿಂದೆ ಯಾವ ಬಾಟಲಿಯ ಗೂಂಡಾ, ಯಾವುದು ಕದ್ದು ಕುಡಿದು ಓಡುತ್ತದೆ, ಯಾವುದು ಬರುವ ಮುಂಚೆ ರೆಕ್ಕೆಯ ಸದ್ದು ದುಂಬಿಯ ಹಾಗಿರುತ್ತದೆ, ಎಲ್ಲ ಗೊತ್ತಿತ್ತು. ಯಾರೂ ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ.

ಬಾಟಲಿಗಳ ಹತ್ತಿರ ಅಪರೂಪಕ್ಕೆ ಬರುವ ಕಿಂದೆಯೊಂದಿತ್ತು. ಕಂದು ಶಾಲು ಹೊದ್ದಂಥ ಬೆನ್ನು, ಎದೆಯ ಮೇಲೆ ಒಗೆದರೂ ಹೋಗದ ಕಲೆಗಳಂಥ ಚುಕ್ಕಿ, ಕಣ್ಣಿನ ಹಿಂದೆ ಒಂದು ಬಿಳಿ ಗೀರು. ದಿನವಿಡೀ ಪೊದೆಯೊಳಗೆ ಕೂತು ಸಣ್ಣ ದನಿಯಲ್ಲಿ ಗುಣುಗುಣು ಎನ್ನುತ್ತಿರುತ್ತದೆ, ಚರ್ಚಿನ ಮುಂದಿನ ಸಾಲಿನಲ್ಲಿ ಜಪಮಣಿ ಎಣಿಸುವ ಮುದುಕಿಯರ ಹಾಗೆ. ಊರಿನವರು ಅದನ್ನು ಜಪದಜ್ಜಿ ಎನ್ನುತ್ತಿದ್ದರು. ಪುಸ್ತಕದಲ್ಲಿ ಅದರ ಹೆಸರು ಚುಕ್ಕಿ ಕಿಂದೆ. ಹೊಳೆಯುವ ಹಸಿರು, ನೇರಳೆ ಕಿಂದೆಗಳನ್ನು ನೋಡಲು ಸಮುದ್ರ ದಾಟಿ ಬಂದವರು ಯಾರೂ ಜಪದಜ್ಜಿಯ ಕಡೆ ಕ್ಯಾಮೆರಾ ತಿರುಗಿಸುತ್ತಿರಲಿಲ್ಲ.

ಒಂದು ಮಾರ್ಚ್‌ನಲ್ಲಿ ಡೆನ್ಮಾರ್ಕಿನವನೊಬ್ಬ ತಿರುಗಿಸಿದ. ಅವನು ತೆಗೆದ ಫೋಟೋದಲ್ಲಿ ಜಪದಜ್ಜಿಯ ಹಣೆ ಬೆಣ್ಣೆಯಂತೆ ಹಳದಿಯಾಗಿತ್ತು.

ದೋನ್ ಒಲ್ಮೇದೊ ಆ ಫೋಟೋವನ್ನು ಕೀತೊದ ಡಾಕ್ಟರ್ ವಿಲ್ಲಾಗೋಮೆಸ್‌ಗೆ ಕಳಿಸಿದರು. ಹಕ್ಕಿಗಳ ಬಗ್ಗೆ ಇಟ್ಟಿಗೆಯಷ್ಟು ದಪ್ಪದ ಪುಸ್ತಕ ಬರೆದ ಮನುಷ್ಯ. ನಾಲ್ಕು ದಿನಕ್ಕೆ ಉತ್ತರ ಬಂತು. ಇಂಥ ಹಣೆಯ ಗುರುತು ಈವರೆಗೆ ಎಲ್ಲಿಯೂ ದಾಖಲಾಗಿಲ್ಲ, ಇದು ಹೊಸ ಪ್ರಭೇದವಾಗಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು, ಬಂದು ಪರೀಕ್ಷಿಸುತ್ತೇನೆ ಎಂದು ಅವರು ಬರೆದಿದ್ದರು. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದರು: ಇದರ ಬಳಗದ ಹಕ್ಕಿಗಳು ಮನುಷ್ಯರ ಕೈ ತಾಗದ ಕಾಡನ್ನೇ ಬಯಸುವುದರಿಂದ, ಕಾಡಂಚಿನ ಬೇಸಾಯವನ್ನು ತೆರವು ಮಾಡುವುದು ಒಳ್ಳೆಯದು.

‘ತಳ್ಳಿಹಾಕಲಾಗದು’ ಎಂಬ ಪದವನ್ನು ದೋನ್ ಒಲ್ಮೇದೊ ಮನಸ್ಸಿನೊಳಗೆ ಬ್ಯಾಂಡು ಬಾರಿಸಿಕೊಂಡು ‘ಖಂಡಿತ’ ಎಂದೇ ಓದಿಕೊಂಡರು. ವಾರದೊಳಗೆ ಜುಂತಾ ಮೂರು ತೀರ್ಮಾನ ಮಾಡಿತು. ಒಂದು, ಊರಿನ ಲಾಂಛನ ‘ಚಿನ್ನದ ಹಣೆಯ ಕಿಂದೆ’. ಬೆಣ್ಣೆ ಚಿನ್ನವಾದದ್ದು ಚರ್ಚೆಯಿಲ್ಲದೆ. ಎರಡು, ವೃತ್ತದಲ್ಲಿ ಮೂರಾಳೆತ್ತರದ ಫೈಬರ್ ಪ್ರತಿಮೆ. ಅದನ್ನು ಮಾಡಲು ಒಪ್ಪಿದ ಶಿಲ್ಪಿ ಅದಕ್ಕೆ ಮುಂಚೆ ಕರಾವಳಿಯ ಊರೊಂದಕ್ಕೆ ಸಿಗಡಿ ಮಾಡಿಕೊಟ್ಟಿದ್ದ. ಕಿಂದೆಯ ಬಾಲ ಒಳಕ್ಕೆ ಸುರುಳಿಯಾಗಿ ಬಾಗಿದ್ದು ಹಾಗೆ. ಮೂರು, ಡಾಕ್ಟರ್ ಬಂದ ಮರುದಿನ, ಶನಿವಾರ, ಕಾಡಂಚು ತೆರವು ಮಾಡಲು ಮಿಂಗಾ, ಅಂದರೆ ಊರೆಲ್ಲ ಸೇರಿ ಕೂಲಿಯಿಲ್ಲದೆ ಮಾಡುವ ಕೆಲಸ. ಮನೆಗೊಬ್ಬರು ಮಚ್ಚು ಹಿಡಿದು ಬರಬೇಕು.

ದೋನ್ ಒಲ್ಮೇದೊರ ತೋಟದ ಹಿಂದೆ, ಕಣಿವೆಯ ಅಂಚಿನಲ್ಲಿ ಇದ್ದ ಬೇಸಾಯ ಒಂದೇ. ಅದು ಎಲ್ವಿಯಾಳ ಅಜ್ಜಿ ಮಾಮಾ ತ್ರಾನ್ಸಿತೊಳ ಅಚೀರಾ ಪಾತಿ. ಮಾಮಾ ಎಂದರೆ ಅಲ್ಲಿ ಅಮ್ಮ.

ಅಚೀರಾ ಎಂದರೆ ನಮ್ಮ ಕಾಬಾಳೆ. ಕಿಂಬೊಲಿತೊ ಎಂಬ ಸಿಹಿ ಕಡುಬನ್ನು ಅದರ ಎಲೆಯಲ್ಲೇ ಸುತ್ತಿ ಹಬೆಯಲ್ಲಿ ಬೇಯಿಸಬೇಕು. ಬೇರೆ ಎಲೆಯಲ್ಲಿ ಸುತ್ತಿದರೆ ಊರಿನ ಹೆಂಗಸರು ಮೂಸಿಯೂ ನೋಡುವುದಿಲ್ಲ. ಅಜ್ಜಿ ನಲವತ್ತು ವರ್ಷದಿಂದ ಆ ಎಲೆ ಕೊಯ್ದು, ನೂರರ ಕಟ್ಟು ಕಟ್ಟಿ, ಕೀತೊದ ಸಂತೆಗೆ ಉಲ್ಬಿಯೊನ ಗಾಡಿಯಲ್ಲಿ ಕಳಿಸುತ್ತಿದ್ದಳು. ಮನೆ ನಡೆಯುತ್ತಿದ್ದದ್ದು ಅದರಿಂದ. ಜಾಗ ಮಾತ್ರ ಜುಂತಾದ್ದು. ಅಜ್ಜಿಯ ಹತ್ತಿರ ಕಾಗದವಿರಲಿಲ್ಲ, ನಲವತ್ತು ವರ್ಷದಲ್ಲಿ ಯಾರೂ ಕೇಳಿರಲೂ ಇಲ್ಲ.

ಎಲೆಗಾಗಿ ಅಚೀರಾ ಬೆಳೆಯುವವರು ಹೂವು ಅರಳಲು ಬಿಡುವುದಿಲ್ಲ. ಹೂಕಡ್ಡಿ ಇಣುಕಿದ ಕೂಡಲೇ ಚಿವುಟಿ ಎಸೆಯುತ್ತಾರೆ. ಆಗ ಎಲೆ ಅಗಲವಾಗಿ, ಮೆತ್ತಗೆ, ಹರಿಯದೆ ಬರುತ್ತದೆ. ಅಜ್ಜಿಯೂ ಹಾಗೇ ಮಾಡುತ್ತಿದ್ದಳು. ಆದರೆ ಹಿಂದಿನ ನವೆಂಬರ್‌ನಲ್ಲಿ ಕಲ್ಲಿನ ಮೇಲೆ ಜಾರಿ ಬಿದ್ದು ಅವಳ ಬಲಗೈ ಮುರಿಯಿತು. ಎಲ್ವಿಯಾ ಬಾಟಲಿ ಮುಗಿಸಿ ಬಂದು ಎಲೆ ಕೊಯ್ಯುವುದೇ ಆಗುತ್ತಿತ್ತು, ಕಡ್ಡಿ ಚಿವುಟಲು ಪುರುಸೊತ್ತಾಗಲಿಲ್ಲ. ಪಾತಿಯ ತುಂಬ ಕೆಂಪು ಹೂವು ಅರಳಿ ನಿಂತಿತು.

ಉದ್ದ ಕೊಕ್ಕಿನ ಕಿಂದೆಗಳು ಬಂದು ದೂರದಿಂದಲೇ ಹೀರಿ ಹೋದವು. ಜಪದಜ್ಜಿಯದ್ದು ಮೊಂಡು ಕೊಕ್ಕು. ಅದು ಹೂವಿನೊಳಕ್ಕೆ ತಲೆಯನ್ನೇ ತುರುಕಬೇಕಾಗುತ್ತಿತ್ತು. ಈಚೆ ಬರುವಾಗ ಹಣೆಯ ತುಂಬ ಪರಾಗ ಮೆತ್ತಿರುತ್ತಿತ್ತು. ಎಲ್ವಿಯಾ ಅದನ್ನು ಡೆನ್ಮಾರ್ಕಿನವನಿಗಿಂತ ಮೂರು ತಿಂಗಳು ಮುಂಚೆಯೇ ನೋಡಿದ್ದಳು. ಉಂಡು ಮೂತಿ ಒರೆಸಿಕೊಳ್ಳದ ಮಕ್ಕಳ ಹಾಗೆ ಕಾಣುತ್ತದೆ ಎಂದುಕೊಂಡು ಬಾಟಲಿ ತೊಳೆಯಲು ಹೋಗಿದ್ದಳು.

ಮಿಂಗಾದ ಸುದ್ದಿ ಕೇಳಿದ ದಿನ ಅವಳು ಎಲ್ಲ ಧೈರ್ಯ ಒಟ್ಟುಮಾಡಿಕೊಂಡು ದೋನ್ ಒಲ್ಮೇದೊರ ಹಿಂದೆ ಹೋಗಿ ನಿಂತಳು.

“ದೋನ್ ಒಲ್ಮೇದೊ, ಅದು ಜಪದಜ್ಜಿ.”

“ನೋಡಿದ್ಯಾ, ನಿಂಗೂ ಹಾಗೇ ಕಾಣ್ಸುತ್ತೆ!” ಅವರಿಗೆ ಖುಷಿಯಾಯಿತು. “ಥೇಟು ಜಪದಜ್ಜಿ ಥರಾನೇ ಇದೆ. ಅದಕ್ಕೇ ಇಷ್ಟು ವರ್ಷ ಯಾರಿಗೂ ಗೊತ್ತಾಗಿಲ್ಲ, ಮಗಳೇ. ಎಷ್ಟು ಕಿಲಾಡಿ ಹಕ್ಕಿ ನೋಡು.”

ಎಲ್ವಿಯಾ ಜುಂತಾದ ಮುಂದಿನ ಮೀಟಿಂಗ್‌ಗೂ ಹೋದಳು. ಬಾಗಿಲ ಹತ್ತಿರ ನಿಂತಳು. “ಏನಮ್ಮಾ?” ಎಂದು ಯಾರೋ ಕೇಳಿದರು. “ಏನಿಲ್ಲ,” ಎಂದು ವಾಪಸು ಬಂದಳು.

ಅಜ್ಜಿ ಮಾತ್ರ ಬೇರೆಯದೇ ಲೆಕ್ಕದಲ್ಲಿ ಮುಳುಗಿದ್ದಳು.

“ನನ್ನ ಪಾತಿ ಕಡಿಯೋಕೆ ಎಷ್ಟು ಜನ ಬರ್ತಾರಂತೆ?”

“ನಲವತ್ತು ಅಂತಿದ್ರು ಅಜ್ಜಿ.”

“ನಲವತ್ತಾ! ಹಾಗಾದ್ರೆ ತಲೆಗೆರಡರ ಹಾಗೆ ಎಂಬತ್ತು ಕಿಂಬೊಲಿತೊ. ಉಲ್ಬಿಯೊ ಒಬ್ನೇ ನಾಲ್ಕು ತಿಂತಾನೆ. ಮೊಟ್ಟೆ ಸಾಲಲ್ಲ ಕಣೇ.”

“ಅಜ್ಜಿ, ಅವರು ನಮ್ಮ ಪಾತಿ ಕಡಿಯೋಕೆ ಬರ್ತಿರೋದು.”

“ಕೇಳಿಸ್ತು. ಮುರಿದಿರೋದು ಕೈ, ಕಿವಿಯಲ್ಲ. ಯಾರ ಜಾಗದಲ್ಲಿ ಮಿಂಗಾ ಆಗುತ್ತೋ ಅವರು ತಾನೇ ಬಂದೋರ ಹೊಟ್ಟೆ ನೋಡ್ಕೋಬೇಕು? ಹಸಿದ ಹೊಟ್ಟೇಲಿ ಕಳಿಸಿದ್ಲು ಮುದುಕಿ ಅಂತ ಆಡ್ಕೊಳ್ಳೋಕೆ ಇವರಿಗೆ ಅಷ್ಟು ಸಾಕು.”

“ಆಮೇಲೆ ನಾವೇನ್ ಮಾಡೋದು?”

ಅಜ್ಜಿ ಎಡಗೈಯಿಂದ ಮೊಟ್ಟೆಗಳನ್ನು ಇನ್ನೊಮ್ಮೆ ಎಣಿಸಿದಳು. “ಎಲೆ ಚೆನ್ನಾಗಿರೋದು ಮೇಲಿನ ಸಾಲಲ್ಲಿದೆ, ಅದನ್ನೇ ಕೊಯ್ಕೊಂಡು ಬಾ,” ಎಂದಳು.

ಶುಕ್ರವಾರ ಬೆಳಿಗ್ಗೆ ಡಾಕ್ಟರ್ ವಿಲ್ಲಾಗೋಮೆಸ್ ಬಂದರು. ಅರವತ್ತು ದಾಟಿದ, ಕುತ್ತಿಗೆಗೆ ದಾರದಲ್ಲಿ ಎರಡು ಕನ್ನಡಕ ತೂಗುಹಾಕಿಕೊಂಡ ಮನುಷ್ಯ. ಕೂದಲಿನಷ್ಟು ತೆಳ್ಳಗಿನ ಬಲೆಯನ್ನು ಪೊದೆಗಳ ನಡುವೆ ಕಟ್ಟಿ ಕಾದರು. ಒಂಬತ್ತು ಗಂಟೆಯ ಹೊತ್ತಿಗೆ ಬಲೆಯಲ್ಲಿ ಹಳದಿ ಹಣೆಯದೊಂದು ಬಿತ್ತು. ಅಳತೆ ಮಾಡುವಾಗ ಹಕ್ಕಿಯನ್ನು ಹಿಡಿಯಲು ಅವರಿಗೆ ಸಣ್ಣ ಕೈ ಬೇಕಾಗಿತ್ತು, ನಡುಗದ ಕೈ. ದೋನ್ ಒಲ್ಮೇದೊರ ಕೈ ಸಂಭ್ರಮಕ್ಕೆ ಆಗಲೇ ನಡುಗುತ್ತಿತ್ತು. ಎಲ್ವಿಯಾಳನ್ನು ಕರೆದರು.

ಮುಷ್ಟಿಯೊಳಗೆ ಆ ಹಕ್ಕಿ ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ಎದೆಬಡಿತ ಮಾತ್ರ ಅವಳ ಬೆರಳಿಗೆ ಒಂದೇ ಸಮನೆ ತಾಗುತ್ತಿತ್ತು.

“ಕೊಕ್ಕು, ಹದಿನಾಲ್ಕು ಮಿಲಿಮೀಟರ್,” ಡಾಕ್ಟರ್ ಹೇಳುತ್ತ ತಾವೇ ಬರೆದುಕೊಂಡರು. “ಚುಕ್ಕಿ ಕಿಂದೆಯಷ್ಟೇ. ರೆಕ್ಕೆ... ಇದೂ ಅಷ್ಟೇ. ತೂಕ ನಾಲ್ಕು ಗ್ರಾಂ. ವಿಚಿತ್ರ ಕಣ್ರೀ, ಎಲ್ಲಾ ಚುಕ್ಕಿ ಕಿಂದೆಯದ್ದೇ.”

“ಹಣೆ ಒಂದು ಬಿಟ್ಟು, ಡಾಕ್ಟ್ರೇ,” ದೋನ್ ಒಲ್ಮೇದೊ ನೆನಪಿಸಿದರು.

“ಹೌದು ಹೌದು. ಹಣೆ ಒಂದು ಬಿಟ್ಟು.”

ಎಲ್ವಿಯಾ ತಲೆ ಎತ್ತಲಿಲ್ಲ. “ಡಾಕ್ಟ್ರೇ,” ಎಂದಳು ಹಕ್ಕಿಗೆ ಹೇಳುವಂತೆ, “ಇದರ ಮುಖ ತೊಳೀಬಹುದಾ?”

ದೋನ್ ಒಲ್ಮೇದೊ ನಕ್ಕುಬಿಟ್ಟರು. “ಬಾಟಲಿ ತಿಕ್ಕೀ ತಿಕ್ಕೀ ಈ ಹುಡುಗಿಗೆ ಕಂಡದ್ದೆಲ್ಲ ತೊಳೀಬೇಕು ಅನ್ಸುತ್ತೆ, ತಪ್ಪು ತಿಳ್ಕೋಬೇಡಿ.” ಡಾಕ್ಟರೂ ಮರ್ಯಾದೆಗೆ ನಕ್ಕು ಪುಸ್ತಕದ ಕಡೆ ತಿರುಗಿದರು.

ನಾಳೆ ಈ ಹೊತ್ತಿಗೆ ನಲವತ್ತು ಮಚ್ಚು, ಎಂದುಕೊಂಡಳು ಎಲ್ವಿಯಾ. ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ, ಹಕ್ಕಿಯ ಹಣೆಯ ಮೇಲೆ ಕೊಕ್ಕಿನ ಬುಡದಿಂದ ಹಿಂದಕ್ಕೆ ಒಮ್ಮೆ ಮೆತ್ತಗೆ ಎಳೆದಳು.

ಹಕ್ಕಿ ಒಮ್ಮೆ ಕಣ್ಣು ಮುಚ್ಚಿ ತೆರೆಯಿತು. ಹಣೆ ಬೆನ್ನಿನಷ್ಟೇ ಮಂಕಾಗಿತ್ತು. ಹಳದಿ ಎಲ್ವಿಯಾಳ ಹೆಬ್ಬೆರಳಿನಲ್ಲಿತ್ತು.

“ಏಯ್! ಅಳಿಸಿಬಿಟ್ಯಲ್ಲೇ!” ದೋನ್ ಒಲ್ಮೇದೊ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. “ಡಾಕ್ಟ್ರೇ, ವಾಪಸ್ ಬರುತ್ತಾ ಅದು?”

ಡಾಕ್ಟರ್ ಒಂದು ಕನ್ನಡಕ ತೆಗೆದು ಇನ್ನೊಂದನ್ನು ಹಾಕಿಕೊಂಡು, ಅವಳ ಹೆಬ್ಬೆರಳನ್ನು ಭೂತಗನ್ನಡಿಯ ಕೆಳಗೆ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ದೋನ್ ಒಲ್ಮೇದೊರನ್ನಲ್ಲ.

“ಯಾವ ಹೂವು, ಮಗಳೇ?”

ಹಕ್ಕಿಯ ವಿಷಯಕ್ಕೆ ಯಾರಾದರೂ ಅವಳನ್ನು ಒಂದು ಪ್ರಶ್ನೆ ಕೇಳಿದ್ದು ಒಂಬತ್ತು ವರ್ಷದಲ್ಲಿ ಅದೇ ಮೊದಲು. ಎಲ್ವಿಯಾ ಹಕ್ಕಿಗೆ ಸಕ್ಕರೆ ನೀರು ಕುಡಿಸಿ ಹಾರಲು ಬಿಟ್ಟಳು. ಅವರನ್ನು ಪಾತಿಯ ಹತ್ತಿರ ಕರೆದುಕೊಂಡು ಹೋಗಿ, ಮೊಂಡು ಕೊಕ್ಕು, ಉದ್ದ ಕೊಕ್ಕು, ಅಜ್ಜಿಯ ಕೈ, ಹೂಕಡ್ಡಿ ಎಲ್ಲವನ್ನೂ ಹಿಂದುಮುಂದಾಗಿ ಹೇಳಿದಳು. ಹೇಳಿ ಮುಗಿಸುವ ಮುಂಚೆಯೇ ಜಪದಜ್ಜಿಯೊಂದು ಬಂದು ಹೂವಿನೊಳಗೆ ತಲೆ ತುರುಕಿ, ಬೆಣ್ಣೆ ಮೆತ್ತಿಕೊಂಡು ಈಚೆ ಬಂತು. ಡಾಕ್ಟರ್ ಅಲ್ಲೇ ಕಲ್ಲಿನ ಮೇಲೆ ಕೂತರು.

“ನಲವತ್ತು ವರ್ಷ ಹಕ್ಕಿ ನೋಡಿದ್ದೀನಿ,” ಎಂದರು. “ಒಂದರ ಮುಖಾನೂ ಒರೆಸಿ ನೋಡಿಲ್ಲ.”

ಮಧ್ಯಾಹ್ನದೊಳಗೆ ಬಲೆ ಸುತ್ತಿಕೊಂಡು ಹೊರಟುಹೋದರು. ಹೊಸ ಪ್ರಭೇದವಲ್ಲ ಎಂದು ಎರಡು ಸಾಲಿನ ಪತ್ರವನ್ನು ಅಲ್ಲಿಯೇ ಬರೆದುಕೊಟ್ಟಿದ್ದರು. ದೋನ್ ಒಲ್ಮೇದೊ ಡಾಕ್ಟರ ಹಳೆಯ ಪತ್ರಕ್ಕೆ ಆಗಲೇ ಕಟ್ಟು ಹಾಕಿಸಿ ಗೋಡೆಗೆ ತೂಗಿಸಿದ್ದರು. ಹೊಸ ಪತ್ರವನ್ನು ಮಡಿಸಿ ಅದರ ಹಿಂದಕ್ಕೆ ಸಿಕ್ಕಿಸಿದರು.

ಮೂರು ಗಂಟೆಗೆ ಜುಂತಾ ಸೇರಿತು. ಬಾಗಿಲ ಹೊರಗೆ ಊರೇ ನಿಂತಿತ್ತು, ಎಲ್ವಿಯಾಳೂ.

“ಈಗ ಆ ಪ್ರತಿಮೇನ ಏನ್ ಮಾಡೋದು?” ಯಾರೋ ಕೇಳಿದರು.

“ಅದರ ಮುಖಾನೂ ತೊಳೀರಿ,” ಎಂದ ಉಲ್ಬಿಯೊ.

ನಗು ಮುಗಿಯುವವರೆಗೆ ಕಾದು ದೋನ್ ಒಲ್ಮೇದೊ ಎದ್ದರು. “ಹಕ್ಕಿ ಹಣೇಲಿ ಹಳದಿ ಇದೆಯೋ ಇಲ್ವೋ? ಇದೆ. ಫೋಟೋದಲ್ಲಿ ಬಂದಿದೆಯೋ ಇಲ್ವೋ? ಬಂದಿದೆ. ನಮ್ಮ ಠರಾವಲ್ಲಿ ಏನಿದೆ? ಚಿನ್ನದ ಹಣೆಯ ಕಿಂದೆ ಅಂತಿದೆ. ಹುಟ್ಟಿದಾಗಿಂದ ಚಿನ್ನ ಅಂತ ಎಲ್ಲಾದ್ರೂ ಬರೆದಿದೆಯಾ? ನಾನೇನು ಹುಟ್ಟುವಾಗಲೇ ಅಧ್ಯಕ್ಷ ಆಗಿದ್ನಾ?”

ಎಲ್ಲರಿಗೂ ಇದು ಸರಿಯೆನಿಸಿತು.

“ಇಡೀ ಎಕ್ವಡಾರ್‌ನಲ್ಲಿ ಈ ಹಕ್ಕಿಗೆ ಚಿನ್ನ ಬರೋದು ನಮ್ಮ ಊರಲ್ಲಿ ಮಾತ್ರ, ಆ ಪಾತೀಲಿ ಮಾತ್ರ. ಅಂದ್ಮೇಲೆ ಪಾತೀನ ಕಡಿಯೋದಲ್ಲ, ಕಾಪಾಡಬೇಕು. ಮಿಂಗಾ ಇದ್ದೇ ಇರುತ್ತೆ. ಮಚ್ಚಿನ ಬದಲು ಬೇಲಿ ಗೂಟ ತನ್ನಿ.”

ಎಲ್ವಿಯಾ ಮನೆಗೆ ಓಡಿದಳು. ಪಾತಿ ಉಳಿಯಿತು, ಅದೂ ತಾನು ಬಾಯಿ ಬಿಟ್ಟಿದ್ದರಿಂದ ಉಳಿಯಿತು ಎಂಬ ಹಿಗ್ಗು ಅವಳಿಗೆ ಮನೆಯ ಮೆಟ್ಟಿಲವರೆಗೂ ಇತ್ತು. ಮೆಟ್ಟಿಲ ಮೇಲೆ ನಿಂತು ಬೇಲಿ ಎಂಬ ಪದವನ್ನು ಇನ್ನೊಮ್ಮೆ ನೆನೆದುಕೊಂಡಳು.

ಶನಿವಾರ ನಲವತ್ತು ಜನ ಬಂದು ಪಾತಿಯ ಸುತ್ತ ಮುಳ್ಳುತಂತಿ ಎಳೆದರು. ಗೇಟು ಇಟ್ಟರು, ಬೀಗ ಹಾಕಿದರು, ‘ಹೂವು ಕಿತ್ತವರಿಗೆ ದಂಡ’ ಎಂದು ಹಲಗೆ ಹೊಡೆದರು. ಅಜ್ಜಿ ಬೇಲಿಯ ಈಚೆ, ಹಬೆಯಾಡುವ ಪಾತ್ರೆಯ ಪಕ್ಕ ನಿಂತು ತನ್ನನ್ನು ಹೊರಗಿಟ್ಟವರಿಗೆ ಎಡಗೈಯಲ್ಲಿ ಕಿಂಬೊಲಿತೊ ಹಂಚಿದಳು. ಎಲ್ಲರೂ ಎಲೆ ಬಿಚ್ಚಿ, ನೆಕ್ಕಿ, “ಮಾಮಾ ತ್ರಾನ್ಸಿತೊ, ನಿನ್ನ ಎಲೆ ಘಮ ಬೇರೆ ಯಾರದ್ರಲ್ಲೂ ಇಲ್ಲ,” ಎಂದು ಹೊಗಳಿದರು. ಉಲ್ಬಿಯೊ ಐದು ತಿಂದ.

“ಎಲೆ ಕೊಯ್ಕೋ ಮಾಮಾ, ಯಾರು ಬೇಡಾಂದ್ರು?” ದೋನ್ ಒಲ್ಮೇದೊ ದೊಡ್ಡ ಮನಸ್ಸು ಮಾಡಿದರು. “ಹೂವು ಮುಟ್ಟಬೇಡ, ಅಷ್ಟೇ.”

“ಹೂವು ಬಿಟ್ರೆ ಎಲೆ ಎಲ್ಲಿ ಬರುತ್ತೆ?” ಎಂದಳು ಅಜ್ಜಿ. ಆದರೆ ಅವರು ಆಗಲೇ ಹಲಗೆ ನೆಟ್ಟಗಿದೆಯೇ ಎಂದು ನೋಡಲು ಹೋಗಿದ್ದರು.

ಪಾತ್ರೆ ತೊಳೆಯುವಾಗ ಅಜ್ಜಿ ಹೇಳಿದಳು, “ಕಡಿದುಹಾಕಿದ್ರೇ ವಾಸಿಯಾಗ್ತಿತ್ತು. ಗೆಡ್ಡೆ ಕಿತ್ತು ಬೇರೆ ಎಲ್ಲಾದ್ರೂ ನೆಡ್ತಿದ್ದೆ. ಈಗ ನೋಡು, ಇದೆ, ಆದ್ರೆ ಇಲ್ಲ. ಯಾರೇ ಅವರಿಗೆ ಹೂವಿನ ವಿಷಯ ಹೇಳಿದ್ದು?”

“ನಾನೇ ಅಜ್ಜಿ.”

“ನೀನಾ?” ಅಜ್ಜಿ ಕೋಪ ಮಾಡಿಕೊಳ್ಳುವುದನ್ನೇ ಮರೆತಳು. “ಅಷ್ಟು ಜನರ ಮುಂದೆ? ಬಾಯಿ ಬಿಟ್ಟು?”

ಗೇಟಿನ ಬೀಗದ ಕೈ ಎಲ್ವಿಯಾಳ ಪಾಲಿಗೆ ಬಂತು. ಜುಂತಾದವರಿಗೆ ಪ್ರತಿ ವಾರ ಎಷ್ಟು ಚಿನ್ನದ ಹಣೆ ಕಂಡಿತು ಎಂದು ಬರೆದಿಡುವವರು ಒಬ್ಬರು ಬೇಕಾಗಿತ್ತು, ಊರಿನಲ್ಲಿ ಕಿಂದೆಗಳನ್ನು ಒಂದರಿಂದ ಒಂದು ಗುರುತಿಸಬಲ್ಲವಳು ಅವಳೊಬ್ಬಳೇ. ಇದು ಶುಕ್ರವಾರದಿಂದ ಎಲ್ಲರಿಗೂ ಗೊತ್ತಾಗಿತ್ತು. ಮೊದಲ ವಾರ ಅವಳು ಹನ್ನೊಂದು ಎಂದು ಬರೆದಳು.

ಎಲೆಗಳು ಕಿರಿದಾಗುತ್ತ ಬಂದವು, ಮಡಿಸಿದರೆ ಸೀಳುತ್ತಿದ್ದವು. ಕೀತೊದ ಸಂತೆಯವರು ಎರಡು ಕಟ್ಟುಗಳನ್ನು ಉಲ್ಬಿಯೊನ ಗಾಡಿಯಲ್ಲೇ ವಾಪಸು ಕಳಿಸಿದರು. ಅಜ್ಜಿ ಆ ಎಲೆಗಳನ್ನು ಮೊಣಕಾಲ ಮೇಲೆ ಹರಡಿಕೊಂಡು ಕೂತಿದ್ದಳು. ಮರುದಿನ ಬೆಳಿಗ್ಗೆ ಎಲ್ವಿಯಾ ಗೇಟು ತೆಗೆದು, ಒಳಗಿನಿಂದ ಚಿಲಕ ಹಾಕಿಕೊಂಡು, ಹಿಂದಿನ ಸಾಲಿನ ಹೂಕಡ್ಡಿಗಳನ್ನೆಲ್ಲ ಚಿವುಟಿದಳು. ಆ ವಾರ ಪುಸ್ತಕದಲ್ಲಿ ಏಳು ಎಂದು ಬರೆದಳು. ಅದು ಸುಳ್ಳಲ್ಲ. ಕಂಡದ್ದೇ ಏಳು. ಇನ್ನೊಂದು ಸಾಲು ಚಿವುಟಿದಾಗ ಮೂರಾಯಿತು. ಮುಂದಿನ ವಾರ ಸೊನ್ನೆ.

ಸೊನ್ನೆ ಬರೆದ ದಿನ ದೋನ್ ಒಲ್ಮೇದೊ ಓಡುತ್ತ ಬಂದರು. ಎಲ್ವಿಯಾ ಬಾಟಲಿ ತೊಳೆಯುತ್ತಿದ್ದಳು.

“ಏನಮ್ಮಾ ಇದು? ವಂಶಾನೇ ನಿಂತುಹೋಯ್ತಾ? ಮುಂದಿನ ತಿಂಗಳು ಇಡೀ ಪ್ರಾಂತ್ಯ ಆಳೋ ಪ್ರೀಫೆಕ್ಟ್ ಬರ್ತಾರೆ ಪ್ರತಿಮೆ ಅನಾವರಣಕ್ಕೆ. ಟಿವಿಯವರು ಬರ್ತಾರೆ. ಬೆಂಚಿನ ಮೇಲೆ ಕೂತು ಅವರೇನು ರಣಹದ್ದು ನೋಡ್ಬೇಕಾ?”

ಎಲ್ವಿಯಾ ಬ್ರಷ್ಷನ್ನು ಬಾಟಲಿಯೊಳಗೆ ಎರಡು ಸುತ್ತು ತಿರುಗಿಸಿದಳು.

“ಎಷ್ಟು ಬೇಕು, ದೋನ್ ಒಲ್ಮೇದೊ?”

“ಏನು ಎಷ್ಟು?”

“ಹಕ್ಕಿ.”

ಅವರು ಅವಳನ್ನೇ ನೋಡಿದರು. ಎಷ್ಟೋ ವರ್ಷದಿಂದ ತೋಟದಲ್ಲಿದ್ದ ಕಲ್ಲೊಂದು ಸೀನಿದ ಹಾಗೆ ನೋಡಿದರು. ಆಮೇಲೆ ನಿಧಾನವಾಗಿ ಬೇಲಿಯ ಕಡೆ ನೋಡಿದರು. ಅಲ್ಲಿ ಎಲೆಗಳು ಅಗಲವಾಗಿ ಅಲುಗಾಡುತ್ತಿದ್ದವು, ಕೆಂಪು ಎಲ್ಲಿಯೂ ಇರಲಿಲ್ಲ.

“ಆರು,” ಎಂದರು.

“ಆರು ಬೇಕಂದ್ರೆ ಎರಡು ಸಾಲು ಪೂರ್ತಿ ಅರಳೋಕೆ ಬಿಡಬೇಕು. ಮೂರು ವಾರ ಆಗುತ್ತೆ. ಎರಡು ಸಾಲಿನ ಎಲೆ ಹಾಳು.” ಅವಳು ಉಸಿರು ತೆಗೆದುಕೊಂಡಳು. “ಬೇರೆಯವರ ಜಾಗದಲ್ಲಿ ಅಜ್ಜಿ ಯಾಕೆ ಎಲೆ ಹಾಳು ಮಾಡ್ಕೋಬೇಕು ಅಂತ ಕೇಳ್ತಾಳೆ. ಅಜ್ಜೀದೇ ಜಾಗ ಆಗಿದ್ರೆ ನಾನು ಹೇಳಿ ಒಪ್ಪಿಸಬಹುದಿತ್ತು.”

“ನೀನು ಹೂವು ಕಿತ್ತಿದ್ದೀಯ. ದಂಡ ಹಾಕಬಹುದು ಗೊತ್ತಾ?”

“ಹಾಕಿ,” ಎಂದಳು ಎಲ್ವಿಯಾ. “ಬೀಗದ ಕೈ ಯಾರಿಗೆ ಕೊಡಲಿ?”

ದೋನ್ ಒಲ್ಮೇದೊ ಆ ಬೆಂಚಿನ ಮೇಲೆ, ಪ್ರವಾಸಿಗಳು ಕೂರುವಲ್ಲಿ, ಬಹಳ ಹೊತ್ತು ಕೂತಿದ್ದು ಎದ್ದು ಹೋದರು. ಹತ್ತು ದಿನಕ್ಕೆ ಕಾಗದ ಬಂತು. ಕಣಿವೆಯಂಚಿನ ಪಾತಿಯನ್ನು ತ್ರಾನ್ಸಿತೊ ಮತ್ತು ಅವಳ ಮೊಮ್ಮಗಳು ಶಾಶ್ವತವಾಗಿ ಅನುಭವಿಸತಕ್ಕದ್ದು ಎಂದು ಮೂರು ಮೊಹರಿನ ಕಾಗದ. ‘ಲಾಂಛನದ ಹಕ್ಕಿಯ ರಕ್ಷಣೆಗೆ ಸಲ್ಲಿಸಿದ ಸೇವೆಗಾಗಿ’ ಎಂದೂ ಅದರಲ್ಲಿ ಬರೆದಿತ್ತು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಮೊಹರುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿ, ಕಾಗದವನ್ನು ರವಿಕೆಯೊಳಗೆ ಇಟ್ಟುಕೊಂಡಳು.

ಪ್ರೀಫೆಕ್ಟ್ ಬಂದ ದಿನ ಎರಡು ಸಾಲು ಕೆಂಪಗೆ ಉರಿಯುತ್ತಿದ್ದವು. ಬೆಂಚಿನ ಎದುರು ಆರು ಬೆಣ್ಣೆಯ ಹಣೆಗಳು ಕಂಡವು. ಏಳನೆಯದೂ ಒಂದು ಬಂದದ್ದನ್ನು ದೋನ್ ಒಲ್ಮೇದೊ ತಮ್ಮ ಭಾಷಣದಲ್ಲಿ ‘ಸಂತತಿ ಹೆಚ್ಚುತ್ತಿದೆ’ ಎಂದು ವಿವರಿಸಿದರು. ವೃತ್ತದಲ್ಲಿ ಟಾರ್ಪಾಲು ಸರಿದಾಗ ಜನ ಚಪ್ಪಾಳೆ ತಟ್ಟಿದರು. ಪ್ರೀಫೆಕ್ಟ್ ತಲೆ ಎತ್ತಿ ನೋಡಿ, ಬಹಳ ಸುಂದರವಾದ ಸಿಗಡಿ ಎನ್ನಲು ಹೊರಟು, ಫಲಕ ಓದಿಕೊಂಡು, ಬಹಳ ಸುಂದರವಾದ ಹಕ್ಕಿ ಎಂದರು.

ಮರುದಿನ ಬೆಳಿಗ್ಗೆ ಅಜ್ಜಿ ಗೇಟಿನ ಒಳಗೆ ಹೋದಳು. ಕೈ ಈಗ ಕೂಡಿಕೊಂಡಿತ್ತು. ಒಂದೊಂದೇ ಹೂಕಡ್ಡಿಯನ್ನು ಟಪ್ಪ್ ಟಪ್ಪೆಂದು ಮುರಿದು ಮಡಿಲಿಗೆ ಹಾಕಿಕೊಳ್ಳುತ್ತ, ಆರು ತಿಂಗಳ ಬಾಕಿ ಬೈಗುಳವನ್ನೆಲ್ಲ ಹೂವಿಗೆ ಬೈಯುತ್ತ ಸಾಲಿನಲ್ಲಿ ಮುಂದೆ ಸಾಗಿದಳು. ಎಲ್ವಿಯಾ ಹಿಂದೆಯೇ ನಿಂತು ನೋಡುತ್ತಿದ್ದಳು.

“ಅಜ್ಜಿ, ಕೊನೇಲಿ ಸ್ವಲ್ಪ ಬಿಡು.”

“ಯಾಕೆ?”

“ವಾರಕ್ಕೆ ಎರಡು ಹಕ್ಕಿಯಾದ್ರೂ ಬೇಕಂತೆ ದೋನ್ ಒಲ್ಮೇದೊಗೆ. ಬಂದೋರಿಗೆ ತೋರಿಸೋಕೆ.”

ಅಜ್ಜಿ ಸೊಂಟ ನೆಟ್ಟಗೆ ಮಾಡಿಕೊಂಡು ಸಾಲಿನ ಕೊನೆಯನ್ನು ನೋಡಿದಳು.

“ಎರಡು ಹಕ್ಕಿಗೆ ಎಷ್ಟು ಕಡ್ಡಿ ಬೇಕಾಗುತ್ತೆ?”

“ಐದು.”

ಅಜ್ಜಿ ನಾಲ್ಕು ಬಿಟ್ಟಳು.